ಫಿಲ್ಮ್ ಕೂಲಿಂಗ್ ಕೈಕೊಟ್ಟಿದೆಯಾ? ತೂತಿನ ಕೋನವನ್ನು ಬೈಯುವ ಮುಂಚೆ ಇಷ್ಟು ನೋಡಿ

ಫಿಲ್ಮ್ ಕೂಲಿಂಗ್ ಅಂದರೆ ಓರೆ ತೂತುಗಳಿಂದ ತಂಪು ಗಾಳಿ (ಕೂಲಂಟ್) ಬಿಟ್ಟು, ಬಿಸಿ ಗಾಳಿಗೆ ಒಡ್ಡಿದ ಮೇಲ್ಮೈ ಮೇಲೆ ತೆಳ್ಳಗಿನ ಹೊದಿಕೆ ಹಾಸುವುದು. ಅದನ್ನು ಪರೀಕ್ಷಿಸಲು ವಿಂಡ್ ಟನೆಲ್ ಓಡಿಸಿದ್ದಾಯಿತು. ಬಿಸಿ ಗಾಳಿ ಒಂದು ಮಟ್ಟಕ್ಕೆ ಬಂದು ನಿಂತಿತು. ಕೂಲಂಟ್ ಬಿಟ್ಟಿದ್ದೂ ಆಯಿತು. ಮೇಲ್ಮೈಯ ಬಿಸಿಯನ್ನು ಚಿತ್ರವಾಗಿ ತೋರಿಸುವ ಐಆರ್ (ಇನ್‌ಫ್ರಾರೆಡ್) ಕ್ಯಾಮೆರಾದ ಪರದೆ ನೋಡಿದರೆ, ತೂತು ದಾಟಿದ ಕೂಡಲೇ ಕಾಣಬೇಕಾದ ತಂಪಿನ ಪಟ್ಟಿಗಳೇ ಇಲ್ಲ. ಇದ್ದರೂ ಸಣಕಲು. ಎರಡು ಬೆರಳಿನಷ್ಟು ದೂರ ಹೋಗಿ ಮಾಯ. ಆಗ ಲ್ಯಾಬಿನಲ್ಲಿ ಮೊದಲು ಕೇಳಿಬರುವ ಮಾತು ಒಂದೇ: "ಕೋನ ಸರಿಯಾಗಿ ಕೊರೆದಿಲ್ಲ ಅನ್ಸುತ್ತೆ."

ಇರಬಹುದು. ಆದರೆ ನಾನು ಕಂಡ ಮಟ್ಟಿಗೆ, ಕೋನವೇ ತಪ್ಪಿರುವುದು ಕಮ್ಮಿ. ಕೋನ ತಪ್ಪಿದ ಹಾಗೆ ಕಾಣುವ ಬೇರೆ ಏನೋ ಒಂದು ಕೆಟ್ಟಿರುವುದೇ ಜಾಸ್ತಿ. ತಟ್ಟೆಯನ್ನು ಬಿಚ್ಚಿ ಹೊಸದು ಮಾಡಿಸಲು ಹೊರಡುವ ಮುಂಚೆ ಒಂದೊಂದಾಗಿ ಏನೇನು ತಳ್ಳಿಹಾಕಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಕಾಲೇಜಿನ ಲ್ಯಾಬಿನಲ್ಲಿ ಸಪಾಟು ತಟ್ಟೆಯ ಮೇಲೆ ಪರೀಕ್ಷೆ ಮಾಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನಿಜವಾದ ಟರ್ಬೈನ್ ಬ್ಲೇಡಿನ ವಿಷಯ ಕೊನೆಯಲ್ಲಿ ಸ್ವಲ್ಪ ಬರುತ್ತದೆ.

ಲೆಕ್ಕಕ್ಕೆ ಒಂದು ತಟ್ಟೆ ಇಟ್ಟುಕೊಳ್ಳೋಣ. ದಪ್ಪ 8 ಮಿ.ಮೀ. ಅದರಲ್ಲಿ 4 ಮಿ.ಮೀ. ವ್ಯಾಸದ ಏಳು ತೂತು, 12 ಮಿ.ಮೀ.ಗೆ ಒಂದರಂತೆ. ಮೇಲ್ಮೈಗೆ 30 ಡಿಗ್ರಿ ಓರೆ. ಮೇಲಿನ ಬಿಸಿ ಗಾಳಿ 47 ಡಿಗ್ರಿ ಸೆಲ್ಸಿಯಸ್, ವೇಗ ಸೆಕೆಂಡಿಗೆ 20 ಮೀಟರ್. ಕೂಲಂಟ್ 22 ಡಿಗ್ರಿಯ ಸಾದಾ ಗಾಳಿ.

ಕೋನದ ಕೆಲಸ ಏನು?

ಎಂಜಿನ್ನಿನೊಳಗೆ ಟರ್ಬೈನಿಗೆ ಬರುವ ಗಾಳಿಯ ಬಿಸಿ, ಬ್ಲೇಡಿನ ನಿಕಲ್ ಮಿಶ್ರಲೋಹ ಕರಗುವ ಬಿಸಿಗಿಂತ ಜಾಸ್ತಿ. ಆದರೂ ಬ್ಲೇಡ್ ಉಳಿಯುತ್ತದೆ. ಕಂಪ್ರೆಸರ್‌ನಿಂದ ಕದ್ದು ತಂದ ಗಾಳಿ ಒಳಗೆಲ್ಲ ಸುತ್ತಿ, ಸಣ್ಣ ತೂತುಗಳಿಂದ ಹೊರಬಂದು, ಲೋಹದ ಮೇಲೆ ತೆಳ್ಳಗೆ ಹೊದಿಕೆಯಂತೆ ಹರಡುತ್ತದೆ. ಹೊದಿಕೆ ಮೈಗೆ ಅಂಟಿಕೊಂಡಿದ್ದರೆ ಕೆಲಸ ಆಯಿತು. ಮೇಲೆದ್ದರೆ ಗಾಳಿ ದಂಡ. ಅಷ್ಟೇ ಅಲ್ಲ, ಎದ್ದ ಜೆಟ್ಟಿನ (ತೂತಿನಿಂದ ಚಿಮ್ಮುವ ಗಾಳಿಯ) ಎರಡು ಬದಿಗೂ ಒಂದೊಂದು ಸುಳಿ ಹುಟ್ಟುತ್ತದೆ. ಈ ಅವಳಿ ಸುಳಿಗಳು ಅಕ್ಕಪಕ್ಕದ ಬಿಸಿ ಗಾಳಿಯನ್ನು ಎಳೆದು ತಂದು ಜೆಟ್ಟಿನ ಅಡಿಗೇ ತುರುಕುತ್ತವೆ. ತಂಪು ಮಾಡಲು ಬಿಟ್ಟ ಗಾಳಿಯೇ ಬಿಸಿಯನ್ನು ಮನೆಗೆ ಕರೆದ ಹಾಗೆ.

ಜೆಟ್ ಏಳುವುದೋ ಇಲ್ಲವೋ ಎಂದು ಅಂದಾಜು ಮಾಡಲು ಬಳಸುವ ಅಳತೆ ಮೊಮೆಂಟಮ್ ರೇಷಿಯೋ: ಕೂಲಂಟಿನ ಸಾಂದ್ರತೆ ಗುಣಿಸು ವೇಗದ ವರ್ಗ, ಅದನ್ನು ಮೇಲಿನ ಗಾಳಿಯ ಅದೇ ಲೆಕ್ಕದಿಂದ ಭಾಗಿಸಿದ್ದು. ಟೆಕ್ಸಾಸ್ ವಿಶ್ವವಿದ್ಯಾಲಯದ ಬೋಗಾರ್ಡ್, ಕ್ರಾಫರ್ಡ್ ಮತ್ತು ಅವರ ಜೊತೆಗಾರರು 1990ರ ದಶಕದ ಶುರುವಿನಲ್ಲಿ 35 ಡಿಗ್ರಿ ತೂತುಗಳ ಮೇಲೆ ಮಾಡಿದ ಕೆಲಸದಿಂದ ಬಂದ ಗಡಿಗಳನ್ನು ಎಲ್ಲರೂ ಬಳಸುತ್ತಾರೆ. ಈ ರೇಷಿಯೋ ಸುಮಾರು 0.4ಕ್ಕಿಂತ ಕೆಳಗಿದ್ದರೆ ಜೆಟ್ ಅಂಟಿಕೊಂಡೇ ಹೋಗುತ್ತದೆ. 0.4ರಿಂದ 0.8ರ ನಡುವೆ ಎದ್ದು ಮತ್ತೆ ಬಂದು ಕೂರುತ್ತದೆ. 0.8 ದಾಟಿದರೆ ಹೋದದ್ದು ಹೋದದ್ದೇ.

ಕೋನ ಇಲ್ಲೇ ಬಂದು ಸೇರುತ್ತದೆ. ಜೆಟ್ಟನ್ನು ಮೇಲೆತ್ತುವುದು ಅದರ ವೇಗದ ನೆಟ್ಟಗಿನ ಪಾಲು ಮಾತ್ರ. ಆ ಪಾಲು ಕೋನದ ಸೈನ್. ಮೊಮೆಂಟಮ್ಮಿಗೆ ಬಂದರೆ ಸೈನ್‌ನ ವರ್ಗ. 30 ಡಿಗ್ರಿಗೆ ಇದು 0.25. 35ಕ್ಕೆ 0.33. 45ಕ್ಕೆ 0.5. ಅಂದರೆ ಬರೀ ಐದು ಡಿಗ್ರಿ ನೆಟ್ಟಗಾದರೆ ಮೇಲೆತ್ತುವ ಜೋರು ಮೂರನೇ ಒಂದು ಪಾಲಿನಷ್ಟು ಏರುತ್ತದೆ. 45ಕ್ಕೆ ಹೋದರೆ ದುಪ್ಪಟ್ಟು. ಇದೇನೂ ಕಲ್ಲಿನಲ್ಲಿ ಕೊರೆದ ನಿಯಮವಲ್ಲ, ಒಂದು ಅಂದಾಜು. ಆದರೆ ದೋಷ ಹುಡುಕುವಾಗ ಬಹಳ ಕೆಲಸಕ್ಕೆ ಬರುತ್ತದೆ. ಯಾಕೆಂದರೆ ಇದೇ ಗುಣಾಕಾರದಲ್ಲಿ ವೇಗವೂ ಇದೆ, ಸಾಂದ್ರತೆಯೂ ಇದೆ. ಅವುಗಳಲ್ಲಿ ಯಾವುದು ತಪ್ಪಿದರೂ ಗೋಡೆಗೆ ಒಂದೇ ಥರ ಕಾಣುತ್ತದೆ. ಕೋನ ತಪ್ಪಿದೆಯಾ ವೇಗ ತಪ್ಪಿದೆಯಾ ಅಂತ ಗೋಡೆ ಹೇಳುವುದಿಲ್ಲ.

ಹಾಗಾದರೆ ಸುಮ್ನೆ 20 ಡಿಗ್ರಿಗೇ ಕೊರೆದುಬಿಡಬಹುದಲ್ವಾ? ಕೊರೆಯುವವರನ್ನು ಕೇಳಿ ನೋಡಿ. 1 ಮಿ.ಮೀ. ಗೋಡೆಯಲ್ಲಿ 30 ಡಿಗ್ರಿಯ ತೂತಿನ ಉದ್ದ 2 ಮಿ.ಮೀ. 20 ಡಿಗ್ರಿಗೆ ಅದು 2.9 ಆಗುತ್ತದೆ. ತೂತಿನ ಬಾಯಲ್ಲಿ ಬಿಸಿ ಗಾಳಿ ಬರುವ ಕಡೆಯ ಅಂಚು ಶೇವಿಂಗ್ ಬ್ಲೇಡಿನಷ್ಟು ತೆಳ್ಳಗಾಗುತ್ತದೆ. ಸುಡುತ್ತದೆ, ಬಿರುಕು ಬಿಡುತ್ತದೆ. ಅದಕ್ಕೇ ಬಹಳ ಕಡೆ 30, 35ಕ್ಕೆ ರಾಜಿಯಾಗಿದ್ದಾರೆ.

ಮೊದಲು: ದೋಷ ಗಾಳಿಯದೋ, ಅಳತೆಯದೋ?

ಎಫೆಕ್ಟಿವ್‌ನೆಸ್ ಅಂದರೆ ಬಿಸಿ ಗಾಳಿಗೂ ಗೋಡೆಗೂ ಇರುವ ಅಂತರ, ಬಿಸಿ ಗಾಳಿಗೂ ಕೂಲಂಟಿಗೂ ಇರುವ ಅಂತರದಲ್ಲಿ ಎಷ್ಟು ಪಾಲು ಎಂಬುದು. ನಮ್ಮ ತಟ್ಟೆಯಲ್ಲಿ ಪೂರ್ತಿ ಅಂತರ 25 ಡಿಗ್ರಿ. ಗೋಡೆ 37 ಡಿಗ್ರಿ ಇದ್ದರೆ 0.4. ಕ್ಯಾಮೆರಾ ಒಂದು ಡಿಗ್ರಿ ತಪ್ಪು ತೋರಿಸಿದರೆ ಇಲ್ಲಿ 0.04 ಹೋಯಿತು. ಎರಡು ಡಿಗ್ರಿ ತಪ್ಪಿದರೆ 0.08. ಎಷ್ಟೋ ಕ್ಯಾಮೆರಾಗಳ ಕೈಪಿಡಿಯಲ್ಲೇ ಎರಡು ಡಿಗ್ರಿ ಹೆಚ್ಚುಕಮ್ಮಿ ಎಂದು ಬರೆದಿರುತ್ತದೆ. ಹಾಗಾಗಿ ತಟ್ಟೆಯ ಮೇಲೆ ಎರಡು ಮೂರು ಥರ್ಮೋಕಪಲ್ (ಉಷ್ಣಾಂಶ ಅಳೆಯುವ ತಂತಿ) ಅಂಟಿಸಿ, ಅದೇ ಜಾಗದಲ್ಲಿ ಕ್ಯಾಮೆರಾ ಏನು ಹೇಳುತ್ತದೆ ಎಂದು ತಾಳೆ ನೋಡದೆ ಮುಂದೆ ಹೋಗಬೇಡಿ.

ಆಮೇಲೆ ತೂತಿಗೆ ಮುಂಚಿನ ಜಾಗ ನೋಡಿ. ಅಲ್ಲಿ ಇನ್ನೂ ಕೂಲಂಟ್ ಹೊರಗೇ ಬಂದಿಲ್ಲ. ಎಫೆಕ್ಟಿವ್‌ನೆಸ್ ಸೊನ್ನೆ ಇರಬೇಕು. 0.1 ಬರುತ್ತಿದೆಯಾ? ಹಾಗಿದ್ದರೆ ತಟ್ಟೆ ಕೆಳಗಿನ ಪ್ಲೀನಮ್ಮಿನ (ತೂತುಗಳಿಗೆ ಕೂಲಂಟ್ ಕೊಡುವ ಪೆಟ್ಟಿಗೆಯ) ತಂಪನ್ನು ತನ್ನ ಮೈಯೊಳಗಿನಿಂದ ಮೇಲಕ್ಕೆ ಹರಿಸುತ್ತಿದೆ. ಅಲ್ಯೂಮಿನಿಯಮ್ ತಟ್ಟೆಯಾದರೆ ಈ ಪರೀಕ್ಷೆಯನ್ನೇ ಮರೆತುಬಿಡಿ. ಅಕ್ರಿಲಿಕ್ ಅದಕ್ಕಿಂತ ಸಾವಿರ ಪಾಲು ಮೇಲು. ಫೋಮ್ ಅಕ್ರಿಲಿಕ್ಕಿಗಿಂತಲೂ ಮೇಲು. ಅಕ್ರಿಲಿಕ್ಕೇ ಇದೆ ಅಂದರೆ ತೂತುಗಳಿಗೆ ಟೇಪ್ ಅಂಟಿಸಿ, ಪ್ಲೀನಮ್ಮಿನಲ್ಲಿ ಮಾತ್ರ ಕೂಲಂಟ್ ಓಡಾಡುವಂತೆ ಮಾಡಿ, ಆಗ ಕಾಣುವ ಸುಳ್ಳು ತಂಪನ್ನು ಬರೆದಿಟ್ಟುಕೊಂಡು ಲೆಕ್ಕದಲ್ಲಿ ತೆಗೆಯಿರಿ.

ಒಂದು ವಿಷಯ ಗಮನಿಸಿ. ತಟ್ಟೆಯೊಳಗಿನ ಈ ತಂಪಿನ ಸೋರಿಕೆ ನಿಮ್ಮ ಫಲಿತಾಂಶವನ್ನು ಚೆನ್ನಾಗಿ ತೋರಿಸುತ್ತದೆ, ಕೆಟ್ಟದಾಗಿ ಅಲ್ಲ. ಅಂದರೆ ಅಂಕಿ ಈಗಾಗಲೇ ಕಮ್ಮಿ ಬರುತ್ತಿದ್ದು, ಅದರಲ್ಲೂ ಸೋರಿಕೆ ಇದೆ ಎಂದಾದರೆ ನಿಜ ಸ್ಥಿತಿ ಇನ್ನೂ ಕೆಟ್ಟದಾಗಿದೆ.

ಇದಕ್ಕೆ ಉಲ್ಟಾ ತಪ್ಪು ಕೂಲಂಟಿನ ಉಷ್ಣಾಂಶದ್ದು. ಪ್ಲೀನಮ್ಮಿನ ಮೂಲೆಯಲ್ಲಿ ಥರ್ಮೋಕಪಲ್ ಇಟ್ಟು 22 ಡಿಗ್ರಿ ಎಂದು ಬರೆದುಕೊಂಡಿರುತ್ತೀರಿ. ತೂತಿನ ಬಾಯಿಗೆ ಬರುವಷ್ಟರಲ್ಲಿ ಅದು 25 ಆಗಿದ್ದರೆ ನಿಮ್ಮ ಅಂಕಿ ನಿಜಕ್ಕಿಂತ 12 ಶೇಕಡಾ ಕಮ್ಮಿ ಬರುತ್ತದೆ. ಜೆಟ್ ಎದ್ದಿರುವುದೇ ಇಲ್ಲ, ನೀವು ಎದ್ದಿದೆ ಅಂದುಕೊಂಡಿರುತ್ತೀರಿ. ಥರ್ಮೋಕಪಲ್ಲನ್ನು ತೂತಿನ ಒಳಬಾಯಿಯ ಹತ್ತಿರಕ್ಕೇ ತನ್ನಿ.

ಒಂದು ಅಂಕಿ ನೋಡಿ ತೀರ್ಪು ಕೊಡಬೇಡಿ

ಬ್ಲೋಯಿಂಗ್ ರೇಷಿಯೋ ಅಂದರೆ ಕೂಲಂಟಿನ ಸಾಂದ್ರತೆ ಗುಣಿಸು ವೇಗ, ಅದನ್ನು ಮೇಲಿನ ಗಾಳಿಯ ಅದೇ ಲೆಕ್ಕದಿಂದ ಭಾಗಿಸಿದ್ದು. ಅದನ್ನು 0.5 ಇಟ್ಟು ಒಂದೇ ಸಲ ಓಡಿಸಿ "ಕಮ್ಮಿ ಬಂತು" ಅಂದರೆ ಏನೂ ಗೊತ್ತಾಗುವುದಿಲ್ಲ. 0.2ರಿಂದ ಶುರು ಮಾಡಿ ನಿಧಾನಕ್ಕೆ 1.2ರ ತನಕ ಹೋಗಿ. ಸಾದಾ ದುಂಡು ತೂತಿಗೆ ಎಫೆಕ್ಟಿವ್‌ನೆಸ್ ಮೊದಲು ಏರಿ, 0.5ರ ಆಸುಪಾಸಿನಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯಬೇಕು. ಈ ಗುಡ್ಡದ ಆಕಾರ ಎಲ್ಲ ಕಥೆಯನ್ನೂ ಹೇಳುತ್ತದೆ.

ಗುಡ್ಡ ಸರಿಯಾದ ಜಾಗದಲ್ಲೇ ಇದೆ, ಎತ್ತರ ಮಾತ್ರ ಕಮ್ಮಿ ಎಂದರೆ ಮತ್ತೆ ಹಿಂದಿನ ಭಾಗಕ್ಕೆ ಹೋಗಿ. ಉಷ್ಣಾಂಶದ ಅಳತೆಯಲ್ಲಿ ಎಡವಟ್ಟಿದೆ. ಗುಡ್ಡ ಎಡಕ್ಕೆ ಸರಿದಿದೆ, 0.3, 0.35ಕ್ಕೇ ತುದಿ ಮುಟ್ಟಿ ಇಳಿಯುತ್ತಿದೆ ಎಂದರೆ ಜೆಟ್ ಬೇಗ ಏಳುತ್ತಿದೆ. ಆಗ ಕೋನದ ಮೇಲೆ ಅನುಮಾನ ಪಡಬಹುದು. ತೂತಿನ ಅಳತೆ ಮತ್ತು ಗಾಳಿಯ ಲೆಕ್ಕದ ಮೇಲೂ ಅಷ್ಟೇ ಅನುಮಾನ ಇರಲಿ. ಗುಡ್ಡವೇ ಇಲ್ಲ, ಏರುತ್ತಲೇ ಇದೆ ಎಂದರೆ ನೀವು ಅಂದುಕೊಂಡಷ್ಟು ಗಾಳಿ ಹೊರಬರುತ್ತಿಲ್ಲ. ಪ್ಲೀನಮ್ಮಿನ ಗ್ಯಾಸ್ಕೆಟ್ ಸುತ್ತ ಸೋಪಿನ ನೀರು ಹಚ್ಚಿ ನೋಡಿ.

ಮಧ್ಯಗೆರೆಯ ಉದ್ದಕ್ಕೂ ನೋಡಿದಾಗ ತೂತು ದಾಟಿದ ಕೂಡಲೇ ಅಂಕಿ ಬಿದ್ದು, ಏಳೆಂಟು ವ್ಯಾಸ ಹೋದ ಮೇಲೆ ಸ್ವಲ್ಪ ಏರಿದರೆ ಜೆಟ್ ಎದ್ದು ಮತ್ತೆ ಕೂತಿದೆ ಎಂದು ಅರ್ಥ. ಇದು ಬಹಳ ನಂಬಿಕೆಯ ಗುರುತು.

ಬ್ಲೋಯಿಂಗ್ ರೇಷಿಯೋ ಒಂದು ದಾಟಿದ ಮೇಲೆ ಕೋನದ ಬಗ್ಗೆ ಏನೂ ತೀರ್ಮಾನ ಮಾಡಬೇಡಿ. ಅಲ್ಲಿ ಸರಿಯಾದ 30 ಡಿಗ್ರಿ ತೂತಿನ ಜೆಟ್ಟೂ ಎದ್ದು ಹೋಗಿರುತ್ತದೆ. ತೀರಾ ಕಮ್ಮಿ ಇದ್ದಾಗಲೂ ಅಷ್ಟೇ, 35 ಆಗಲಿ 55 ಆಗಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಕೋನ ತನ್ನ ಬಣ್ಣ ತೋರಿಸುವುದು ನಡುವಿನ ಜಾಗದಲ್ಲಿ.

ಬೆಂಗಳೂರಿನ ಗಾಳಿ ತೆಳು

ಬೇರೆಯವರ ಸಂಶೋಧನಾ ಪ್ರಬಂಧದ ಅಂಕಿಗೆ ಹೋಲಿಸುವ ಮುಂಚೆ ಅವರ ಡೆನ್ಸಿಟಿ ರೇಷಿಯೋ ನೋಡಿ. ಎಂಜಿನ್ನಿನಲ್ಲಿ ಕೂಲಂಟ್ ಮೇಲಿನ ಗಾಳಿಗಿಂತ ಸುಮಾರು ಎರಡರಷ್ಟು ದಟ್ಟ. ಒಳ್ಳೆ ಲ್ಯಾಬುಗಳು ಅದಕ್ಕಾಗಿ ಕೂಲಂಟನ್ನು ದ್ರವ ಸಾರಜನಕದಿಂದ ತಣಿಸುತ್ತವೆ, ಇಲ್ಲ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ನಮ್ಮ ತಟ್ಟೆಯಲ್ಲಿ ಈ ರೇಷಿಯೋ ಬರೀ 1.085. ಬ್ಲೋಯಿಂಗ್ ರೇಷಿಯೋ ಒಂದೇ 0.5 ಆದರೂ ನಮ್ಮಲ್ಲಿ ಮೊಮೆಂಟಮ್ ರೇಷಿಯೋ 0.23, ಡೆನ್ಸಿಟಿ ರೇಷಿಯೋ ಎರಡು ಇಟ್ಟವರಲ್ಲಿ 0.125. ಹತ್ತಿರ ಹತ್ತಿರ ದುಪ್ಪಟ್ಟು. ನಿಮ್ಮ ಜೆಟ್ ಬೇಗ ಎದ್ದರೆ ಅದು ದೋಷವೇ ಅಲ್ಲ, ಭೌತಶಾಸ್ತ್ರ. ಎಷ್ಟೋ ತಟ್ಟೆಗಳು ಈ ಒಂದು ಕಾರಣಕ್ಕೆ ಸುಮ್ನೆ ಬೈಗುಳ ತಿಂದಿವೆ.

ಇನ್ನೊಂದು ನಮ್ಮೂರಿನ ತೊಂದರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಗಾಳಿಯ ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್. ಗಾಳಿ ಕರಾವಳಿಗಿಂತ ಹತ್ತು ಶೇಕಡಾ ತೆಳು. ಕೂಲಂಟಿನ ಹರಿವು ಅಳೆಯುವ ರೋಟಾಮೀಟರಿನ ಗೆರೆಗಳನ್ನು ಸಾಮಾನ್ಯವಾಗಿ ಸಮುದ್ರಮಟ್ಟದ ಗಾಳಿಗೆ ಹಾಕಿರುತ್ತಾರೆ. ಅದನ್ನು ಹಾಗೇ ಓದಿ, ಅದೇ ಸಾಂದ್ರತೆಯಿಂದ ಗುಣಿಸಿದರೆ ಕೂಲಂಟಿನ ತೂಕ ಐದಾರು ಶೇಕಡಾ ಜಾಸ್ತಿ ಬರುತ್ತದೆ. ಮಜಾ ಏನೆಂದರೆ, ಮೇಲಿನ ಗಾಳಿಯ ವೇಗ ಅಳೆಯುವ ಪಿಟೋ ಟ್ಯೂಬಿನ ಲೆಕ್ಕದಲ್ಲೂ ಅದೇ ಸಮುದ್ರಮಟ್ಟದ ಸಾಂದ್ರತೆ ಹಾಕಿದರೆ ಅಲ್ಲೂ ಅಷ್ಟೇ ತಪ್ಪಾಗುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಎರಡೂ ತಪ್ಪು ಹೊಡೆದುಹೋಗಿ ಬ್ಲೋಯಿಂಗ್ ರೇಷಿಯೋ ಸರಿಯಾಗೇ ಬರುತ್ತದೆ! ಸೋಮಾರಿಗೆ ದೇವರು ಸಹಾಯ ಮಾಡಿದ ಹಾಗೆ. ಅರ್ಧ ಎಚ್ಚರ ಇರುವವನಿಗೆ ತೊಂದರೆ. ರೋಟಾಮೀಟರ್ ಮಾತ್ರ ಸರಿಪಡಿಸಿ ಪಿಟೋ ಮರೆತರೆ, ನೀವು 0.5 ಅಂದುಕೊಂಡದ್ದು ನಿಜವಾಗಿ 0.53. ಮೊಮೆಂಟಮ್ಮಿನಲ್ಲಿ ಅದು ಹನ್ನೊಂದು ಹನ್ನೆರಡು ಶೇಕಡಾ ಜಾಸ್ತಿ. ಸರಿಪಡಿಸಿದರೆ ಎರಡನ್ನೂ ಸರಿಪಡಿಸಿ.

ಒತ್ತಡ ಕೇಳಿ, ತೂತು ಹೇಳುತ್ತದೆ

ನನಗೆ ಇಷ್ಟವಾದ ಪರೀಕ್ಷೆ ಇದು. ಖರ್ಚು ಏನೂ ಇಲ್ಲ. ಟನೆಲ್ ಆಫ್ ಮಾಡಿ. ಕೂಲಂಟ್ ಮಾತ್ರ ಬಿಡಿ. ಪ್ಲೀನಮ್ಮಿಗೆ ಒಂದು ಮಾನೋಮೀಟರ್ ಜೋಡಿಸಿ. ನಮ್ಮ ತಟ್ಟೆಗೆ ಬ್ಲೋಯಿಂಗ್ ರೇಷಿಯೋ 0.5 ಎಂದರೆ ತೂತಿನಲ್ಲಿ ಸೆಕೆಂಡಿಗೆ 9.2 ಮೀಟರ್, ಏಳು ತೂತಿಗೆ ಒಟ್ಟು ನಿಮಿಷಕ್ಕೆ ಸುಮಾರು 49 ಲೀಟರ್. ಡಿಸ್‌ಚಾರ್ಜ್ ಕೋಎಫಿಶಿಯಂಟ್ (ನಷ್ಟವಿಲ್ಲದ ಲೆಕ್ಕದ ಹರಿವಿನಲ್ಲಿ ನಿಜಕ್ಕೂ ಹೊರಬರುವ ಪಾಲು) 0.75 ಅಂತ ಇಟ್ಟುಕೊಂಡರೆ ಒತ್ತಡ 80 ಪಾಸ್ಕಲ್ ಹತ್ತಿರ ಬರಬೇಕು. ಅಂದರೆ 8 ಮಿ.ಮೀ. ನೀರು. ಓರೆ ಮಾನೋಮೀಟರಿನಲ್ಲಿ ಚೆನ್ನಾಗಿ ಓದಬಹುದು.

ಕೋನ ನಾಲ್ಕೈದು ಡಿಗ್ರಿ ತಪ್ಪಿದರೆ ಈ ಒತ್ತಡ ಅಷ್ಟೇನೂ ಬದಲಾಗುವುದಿಲ್ಲ. ಆದರೆ ತೂತು ಕಿರಿದಾಗಿದ್ದರೆ ಒತ್ತಡ ಜಿಗಿಯುತ್ತದೆ. ಕೋನದ ತಪ್ಪನ್ನೂ ವ್ಯಾಸದ ತಪ್ಪನ್ನೂ ಬೇರೆ ಮಾಡಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಇದನ್ನು ಕಲಿತದ್ದು ಪೆಟ್ಟು ತಿಂದು. ನಾನು ಮೊದಲ ಸಲ ಇಂಥ ತಟ್ಟೆ ಮಾಡಿಸಿದಾಗ ಗುಡ್ಡ ಎಡಕ್ಕೆ ಸರಿದಿತ್ತು. ತೂತಿಗೆ ಪಿನ್ ಹಾಕಿ ಕೋನ ಅಳೆದು ಇಟ್ಟುಕೊಂಡಿದ್ದೆ, 30 ಡಿಗ್ರಿ ಸರಿಯಾಗೇ ಇತ್ತು. ವ್ಯಾಸವೂ ಸರಿ. ಆದರೂ ಜೆಟ್ ಏಳುತ್ತಿತ್ತು. ಎರಡು ವಾರ ವರ್ಕ್‌ಶಾಪಿನವರ ತಲೆ ತಿಂದೆ. "ಸಾರ್, ನೀವೇ ಬಂದು ಅಳೀರಿ" ಅಂದರು ಅವರು. ಕೊನೆಗೆ ಬೇರೆ ಯಾವುದೋ ಕಾರಣಕ್ಕೆ ಮಾನೋಮೀಟರ್ ಹಾಕಿದೆ. 8 ಮಿ.ಮೀ. ಬರಬೇಕಾದಲ್ಲಿ 10 ಬಂತು.

ಕಾರಣ, ನಾನೇ ಹೊಡೆದ ಕಪ್ಪು ಪೇಂಟ್. ಐಆರ್ ಕ್ಯಾಮೆರಾಗೆ ಮೇಲ್ಮೈ ಮಂಕು ಕಪ್ಪಾಗಿರಬೇಕು ಅಂತ ಸ್ಪ್ರೇ ಕ್ಯಾನ್‌ನಿಂದ ಮೂರ್ನಾಲ್ಕು ಕೋಟ್ ಹೊಡೆದಿದ್ದೆ. ಅದು ತೂತಿನ ಬಾಯಲ್ಲಿ ಇಳಿದು ಸುತ್ತಲೂ ಹತ್ತಿರ ಹತ್ತಿರ 0.1 ಮಿ.ಮೀ. ಕಟ್ಟಿತ್ತು. ವ್ಯಾಸ 4ರಿಂದ 3.8 ಆಗಿತ್ತು. ವಿಸ್ತೀರ್ಣ ಹತ್ತು ಶೇಕಡಾ ಕಮ್ಮಿ, ವೇಗ ಹನ್ನೊಂದು ಶೇಕಡಾ ಜಾಸ್ತಿ, ಮೊಮೆಂಟಮ್ 23 ಶೇಕಡಾ ಜಾಸ್ತಿ. ಸೈನ್ ವರ್ಗದ ಲೆಕ್ಕದಲ್ಲಿ 30 ಡಿಗ್ರಿಯ ತೂತನ್ನು 33.7 ಡಿಗ್ರಿಗೆ ಕೊರೆದಷ್ಟೇ ಆಯಿತು. ಸಾಲದ್ದಕ್ಕೆ ಗಾಳಿ ಹೋಗುವ ಕಡೆಯ ಅಂಚಿನಲ್ಲಿ ಪೇಂಟ್ ದಪ್ಪಗಾಗಿ ಸಣ್ಣ ದಿಣ್ಣೆ ಎದ್ದಿತ್ತು. ಜೆಟ್ ಅದನ್ನು ಹತ್ತಿ ಹಾರುತ್ತಿತ್ತು. ಪಿನ್ ಹಾಕಿ ಅಳೆದದ್ದು ಪೇಂಟಿಗೆ ಮುಂಚೆ. ವರ್ಕ್‌ಶಾಪಿಗೆ ಹೋಗಿ ಚಹಾ ಕುಡಿಸಿ ಬಂದೆ.

ಈಗ ಪೇಂಟ್ ಹೊಡೆಯುವಾಗ ತೂತುಗಳಿಗೆ ಪಿನ್ ತುರುಕಿಡುತ್ತೇನೆ. ಪೇಂಟ್ ಪೂರ್ತಿ ಒಣಗುವ ಮುಂಚೆ ಎಳೆಯುತ್ತೇನೆ.

ಒಂದೇ ತೂತು ಕೆಟ್ಟಿದೆ ಎನಿಸಿದರೆ ಉಳಿದ ಆರಕ್ಕೂ ಸೆಲ್ಲೋಟೇಪ್ ಹಾಕಿ, ಏಳನೇ ಒಂದು ಪಾಲು ಗಾಳಿ ಬಿಡಿ. ಒತ್ತಡ ಮೊದಲಿನಷ್ಟೇ ಬರಬೇಕು. ಜಾಸ್ತಿ ಬಂದರೆ ಆ ತೂತಿನ ಒಳಬಾಯಲ್ಲಿ ಬರ್ (ಕೊರೆದಾಗ ಉಳಿದ ಸಿಬಿರು) ಇದೆ, ಇಲ್ಲ ಕಸ ಕೂತಿದೆ. ಥ್ರೀಡಿ ಪ್ರಿಂಟ್ ಮಾಡಿದ ತಟ್ಟೆಯಾದರೆ ತೂತು ಸಾಮಾನ್ಯವಾಗಿ ಡ್ರಾಯಿಂಗಿಗಿಂತ ಸಣ್ಣದಾಗೇ ಬರುತ್ತದೆ. ಅದನ್ನು ಸ್ವಲ್ಪ ಕಮ್ಮಿ ವ್ಯಾಸಕ್ಕೇ ಪ್ರಿಂಟ್ ಮಾಡಿಸಿ, ಆಮೇಲೆ ತೂತನ್ನು ಸರಿ ಅಳತೆಗೆ ತರುವ ರೀಮರ್ ಹಾಕಿ.

ಈಗ ಕೋನ ಅಳೆಯಿರಿ

ಮೇಲಿನದೆಲ್ಲ ಸರಿ ಇದೆಯಾ? ಗುಡ್ಡ ಇನ್ನೂ ಎಡಕ್ಕೇ ಇದೆಯಾ? ಸರಿ, ಕೋನಕ್ಕೆ ಬರೋಣ.

ತೂತಿನ ಬಾಯಿಯ ಆಕಾರವೇ ಮೊದಲ ಸಾಕ್ಷಿ. ಓರೆ ತೂತು ಮೇಲ್ಮೈಯಲ್ಲಿ ಮೊಟ್ಟೆಯಂತೆ ಉದ್ದವಾಗಿ ಕಾಣುತ್ತದೆ. ಉದ್ದ ಎಂದರೆ ವ್ಯಾಸವನ್ನು ಕೋನದ ಸೈನ್‌ನಿಂದ ಭಾಗಿಸಿದ್ದು. 4 ಮಿ.ಮೀ. ತೂತು 30 ಡಿಗ್ರಿಗೆ ಇದ್ದರೆ ಉದ್ದ 8 ಮಿ.ಮೀ. 35ಕ್ಕೆ 7. 40ಕ್ಕೆ 6.2. 45ಕ್ಕೆ 5.7. ವರ್ನಿಯರ್ ಕ್ಯಾಲಿಪರಿನಲ್ಲೇ ಗೊತ್ತಾಗುತ್ತದೆ. ಬಾಯಿ ಹೆಚ್ಚುಕಮ್ಮಿ ದುಂಡಗೇ ಕಂಡರೆ ನಗಬೇಡಿ, ಇದು ಆಗುವ ತಪ್ಪು: ಡ್ರಾಯಿಂಗಿನಲ್ಲಿ 30 ಎಂದು ಬರೆದು ಎಲ್ಲಿಂದ 30 ಎಂದು ತೋರಿಸಿರುವುದಿಲ್ಲ. ಕೊರೆಯುವವರು ನೆಟ್ಟಗಿನ ಗೆರೆಯಿಂದ 30 ತೆಗೆದುಕೊಂಡಿರುತ್ತಾರೆ. ಮೇಲ್ಮೈಯಿಂದ ಅದು 60 ಆಗುತ್ತದೆ. ಬಾಯಿಯ ಉದ್ದ 4.6.

ಈ ಅಳತೆಯಲ್ಲಿ ಒಂದು ಮೋಸ ಇದೆ. ಗಾಳಿ ಬರುವ ಕಡೆಯ ಅಂಚು ಬಹಳ ತೆಳು ಎಂದೆನಲ್ಲ, ಅದು ಚೂರು ಮುರಿದಿದ್ದರೂ ಬಾಯಿ ಉದ್ದವಾಗಿ ಕಾಣುತ್ತದೆ. ಆಗ ಕೋನ ನಿಜಕ್ಕಿಂತ ಚಪ್ಪಟೆ ಎಂದು ಲೆಕ್ಕ ಬರುತ್ತದೆ. ಹಾಗಾಗಿ ತೂತಿಗೆ ಬಿಗಿಯಾಗಿ ಕೂರುವ ಗೇಜ್ ಪಿನ್ ಅಥವಾ ಡ್ರಿಲ್ ಬಿಟ್ಟಿನ ಹಿಂಭಾಗ ತುರುಕಿ, ಹೊರಗೆ ಚಾಚಿದ ಭಾಗಕ್ಕೆ ಡಿಜಿಟಲ್ ಪ್ರೊಟ್ರ್ಯಾಕ್ಟರ್ ಇಟ್ಟು ಕೂಡ ಅಳೆಯಿರಿ. ಏಳೂ ತೂತು ಅಳೆಯಿರಿ. ಡ್ರಿಲ್ ಬಿಟ್ ಓರೆ ಮೇಲ್ಮೈಗೆ ತಾಗಿದಾಗ ಜಾರುತ್ತದೆ. ಮೊದಲು ಎಂಡ್‌ಮಿಲ್‌ನಿಂದ (ಸಪಾಟು ತುದಿಯ ಕಟರ್) ಕೂರಲು ಜಾಗ ಮಾಡದಿದ್ದರೆ ಒಂದೊಂದು ತೂತು ಒಂದೊಂದು ಕಡೆ ಹೋಗಿರುತ್ತದೆ. ಆ ಎಂಡ್‌ಮಿಲ್ಲಿನ ಗುಳಿ ಬಿಸಿ ಗಾಳಿಯ ಕಡೆ ಉಳಿದಿದ್ದರೆ ಅದು ಬೇರೆ ತಲೆನೋವು.

ಪಿನ್ನನ್ನು ಮೇಲಿನಿಂದಲೂ ನೋಡಿ. ಎಲ್ಲ ಪಿನ್‌ಗಳೂ ಗಾಳಿಯ ದಿಕ್ಕಿಗೇ ಮುಖ ಮಾಡಿವೆಯಾ? ಒಂದು ಪಕ್ಕಕ್ಕೆ ತಿರುಗಿದ್ದರೆ ಅದರ ತಂಪಿನ ಪಟ್ಟಿಯೂ ಪಕ್ಕಕ್ಕೆ ಹೋಗುತ್ತದೆ. ಬೇಕೆಂದೇ ಹೀಗೆ ತಿರುಗಿಸುವುದೂ ಉಂಟು, ಪಟ್ಟಿ ಅಗಲವಾಗುತ್ತದೆ. ಬೇಡದೆ ಆದರೆ ಹೋಲಿಕೆ ಕೆಡುತ್ತದೆ.

ತೂತಿನ ಕೋನ ಬೇರೆ, ಜೆಟ್ಟಿನ ಕೋನ ಬೇರೆ

ಪಿನ್ 30 ಡಿಗ್ರಿ ಎನ್ನುತ್ತದೆ. ಗಾಳಿ ಪಿನ್ ಅಲ್ಲ. ಪ್ಲೀನಮ್ಮಿನಿಂದ ಮೇಲಕ್ಕೆ ಬರುವ ಗಾಳಿ ತೂತಿನ ಒಳಬಾಯಲ್ಲಿ ಚೂಪಾದ ಅಂಚನ್ನು ಸುತ್ತಿ ತಿರುಗಬೇಕು. ತಿರುಗಲಾರದೆ ಆ ಗೋಡೆಯಿಂದ ಬಿಟ್ಟುಬಿಡುತ್ತದೆ. ವೇಗವೆಲ್ಲ ಎದುರು ಗೋಡೆಯ ಕಡೆ, ಅಂದರೆ ಮೇಲಿನ ಬಿಸಿ ಗಾಳಿ ಬರುವ ಕಡೆಯ ಗೋಡೆಗೆ ಒತ್ತಿಕೊಂಡು ಓಡುತ್ತದೆ. ತೂತು ಸಾಕಷ್ಟು ಉದ್ದ ಇದ್ದರೆ ಹೊರಬರುವಷ್ಟರಲ್ಲಿ ಸಮವಾಗುತ್ತದೆ. ಗಿಡ್ಡ ಇದ್ದರೆ ಹಾಗೇ ಹೊರಗೆ ಬರುತ್ತದೆ.

ಕೋನದ ಪರಿಣಾಮ ನೋಡಲು ಹೊರಟ ಪ್ರಾಜೆಕ್ಟುಗಳು ಎಡವುವುದು ಇಲ್ಲೇ. ಒಂದೇ 8 ಮಿ.ಮೀ. ಹಾಳೆಯಿಂದ ನಾಲ್ಕು ತಟ್ಟೆ ಮಾಡಿಸುತ್ತಾರೆ: 30, 45, 60, 90. ಆಗ ತೂತಿನ ಉದ್ದ 16, 11.3, 9.2, 8 ಮಿ.ಮೀ. ವ್ಯಾಸಕ್ಕೆ ಹೋಲಿಸಿದರೆ 4ರಿಂದ ಇಳಿದು 2. ಕೋನ ಬದಲಿಸಿದೆ ಅಂದುಕೊಂಡಿರುತ್ತೀರಿ, ಉದ್ದವೂ ಸದ್ದಿಲ್ಲದೆ ಬದಲಾಗಿರುತ್ತದೆ. ಫಲಿತಾಂಶದಲ್ಲಿ ಯಾವುದರ ಪಾಲು ಎಷ್ಟು ಎಂದು ಆಮೇಲೆ ಬಿಡಿಸಲು ಆಗುವುದಿಲ್ಲ. ಉದ್ದ ಒಂದೇ ಇರಬೇಕೆಂದರೆ ದಪ್ಪವನ್ನು ಬದಲಿಸಬೇಕು: 30ಕ್ಕೆ 8 ಮಿ.ಮೀ., 45ಕ್ಕೆ 11.3, 60ಕ್ಕೆ 13.9, 90ಕ್ಕೆ 16.

ಪ್ಲೀನಮ್ಮಿನ ಗಾಳಿ ಒಂದು ಪಕ್ಕದಿಂದ ನುಗ್ಗುತ್ತಿದ್ದರೆ ತೂತಿನೊಳಗೆ ಗಾಳಿ ಸುತ್ತುತ್ತದೆ. ಎಲ್ಲ ಪಟ್ಟಿಗಳೂ ಒಂದೇ ಪಕ್ಕಕ್ಕೆ ವಾಲುತ್ತವೆ. ಇದನ್ನು ಕೊರೆತದ ತಪ್ಪಿನಿಂದ ಬೇರೆ ಮಾಡುವುದು ಸುಲಭ. ಗಾಳಿಯ ಪೈಪನ್ನು ಇನ್ನೊಂದು ಪಕ್ಕಕ್ಕೆ ಜೋಡಿಸಿ ಓಡಿಸಿ. ವಾಲಿದ ಪಟ್ಟಿಗಳೂ ಪಕ್ಕ ಬದಲಿಸಿದರೆ ತಪ್ಪು ಪ್ಲೀನಮ್ಮಿನದು. ಒಳಗೆ ಎರಡು ಪದರ ತಂತಿಜಾಲರಿ ಹಾಕಿ. ಬದಲಿಸದಿದ್ದರೆ ತಪ್ಪು ತಟ್ಟೆಯದು, ಅಥವಾ ತಟ್ಟೆಯನ್ನು ಟನೆಲ್‌ನಲ್ಲಿ ಸೊಟ್ಟಗೆ ಕೂರಿಸಿದ್ದೀರಿ.

ಮೇಲಿನ ಗಾಳಿಯ ಬೌಂಡರಿ ಲೇಯರ್ (ಗೋಡೆಯ ಪಕ್ಕದಲ್ಲಿ ನಿಧಾನಗೊಂಡ ತೆಳು ಪದರ) ಕೂಡ ಒಂದು ಮಾತು. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ತಟ್ಟೆಯ ಮುಂದಂಚಿನಿಂದ ಅರ್ಧ ಮೀಟರಿನಲ್ಲಿ ರೆನಾಲ್ಡ್ಸ್ ಸಂಖ್ಯೆ ಸುಮಾರು 5 ಲಕ್ಷ. ಹರಿವು ಲ್ಯಾಮಿನಾರೋ (ನಯವೋ) ಟರ್ಬ್ಯುಲೆಂಟೋ (ಕಲಕಿದ್ದೋ) ಹೇಳಲಾಗದ ಜಾಗ. ಇವತ್ತೊಂದು ಫಲಿತಾಂಶ ನಾಳೆಯೊಂದು ಬರುತ್ತಿದ್ದರೆ ಮುಂದಂಚಿನ ಹತ್ತಿರ ಒಂದು ಟ್ರಿಪ್ ವೈರ್ (ಪದರವನ್ನು ಬೇಕೆಂದೇ ಕಲಕುವ ಸಣ್ಣ ತಂತಿ) ಅಂಟಿಸಿ.

ಇಷ್ಟಾದರೂ ನಂಬಿಕೆ ಬರದಿದ್ದರೆ ಕಣ್ಣಾರೆ ನೋಡಿ. ಟನೆಲ್ ವೇಗವನ್ನು ಸೆಕೆಂಡಿಗೆ 5 ಮೀಟರಿಗೆ ಇಳಿಸಿ. ಕೂಲಂಟನ್ನೂ ಅದೇ ಪ್ರಮಾಣದಲ್ಲಿ ಇಳಿಸಿ. ಪ್ಲೀನಮ್ಮಿಗೆ ಹೋಗುವ ಗಾಳಿಗೆ ಊದುಬತ್ತಿಯ ಹೊಗೆ ಸೇರಿಸಿ, ಪಕ್ಕದಿಂದ ಲೇಸರ್ ಬೆಳಕಿನ ಹಾಳೆ ಬಿಡಿ. ಜೆಟ್ ಎದ್ದಿದೆಯೋ ಇಲ್ಲವೋ ಬರಿಗಣ್ಣಿಗೆ ಕಾಣುತ್ತದೆ. ಅಂಕಿ ತೆಗೆಯಲು ಇದು ಬೇಡ, ವೇಗ ಇಳಿದಾಗ ಬೌಂಡರಿ ಲೇಯರ್ ಬೇರೆಯಾಗಿರುತ್ತದೆ. ಮುಗಿದ ಮೇಲೆ ತೂತುಗಳನ್ನು ಸ್ಪಿರಿಟ್‌ನಿಂದ ಒರೆಸಿ, ಊದುಬತ್ತಿಯ ಹೊಗೆ ಅಂಟು ಬಿಡುತ್ತದೆ. ಲ್ಯಾಬ್ ಒಂದು ವಾರ ದೇವರ ಕೋಣೆಯಂತೆ ಘಮಘಮ ಎನ್ನುತ್ತಿರುತ್ತದೆ, ಅದಕ್ಕೆ ನಾನು ಜವಾಬ್ದಾರನಲ್ಲ.

ನಿಜವಾದ ಬ್ಲೇಡಿನಲ್ಲಿ

ಇಲ್ಲಿ ತೂತಿನ ವ್ಯಾಸ ಅರ್ಧ ಮಿ.ಮೀ. ಆಸುಪಾಸು. ನನ್ನ ಪೇಂಟಿನ ಜಾಗದಲ್ಲಿ ಬಿಸಿ ತಡೆಯುವ ಸೆರಾಮಿಕ್ ಲೇಪ ಇರುತ್ತದೆ. ಕೊರೆದ ಮೇಲೆ ಲೇಪ ಸಿಂಪಡಿಸಿದರೆ ಅದು ಬಾಯಿಯೊಳಗೆ ಇಳಿಯುತ್ತದೆ. ಸುತ್ತ 0.05 ಮಿ.ಮೀ. ಕಟ್ಟಿದರೂ ಸಾಕು, ವ್ಯಾಸ 0.4 ಆಗಿ ವಿಸ್ತೀರ್ಣ ಮೂರನೇ ಒಂದು ಪಾಲಿಗೂ ಮಿಕ್ಕಿ ಹೋಗುತ್ತದೆ. ಆದರೆ ಇಲ್ಲಿ ಲೆಕ್ಕ ಸ್ವಲ್ಪ ಬೇರೆ. ಲ್ಯಾಬಿನಲ್ಲಿ ನಾವು ಗಾಳಿಯ ಪ್ರಮಾಣವನ್ನು ಹಿಡಿದಿಡುತ್ತೇವೆ, ಹಾಗಾಗಿ ತೂತು ಕಿರಿದಾದರೆ ವೇಗ ಏರುತ್ತದೆ. ಬ್ಲೇಡಿನಲ್ಲಿ ಹೆಚ್ಚುಕಮ್ಮಿ ಒತ್ತಡವೇ ಗಟ್ಟಿ, ಹಾಗಾಗಿ ಕಟ್ಟಿಕೊಂಡ ತೂತಿನಿಂದ ಗಾಳಿಯೇ ಕಮ್ಮಿ ಬರುತ್ತದೆ. ಕೆಟ್ಟ ಫಲ ಒಂದೇ, ದಾರಿ ಬೇರೆ. ಪಿನ್ ಹಾಕಿ ನೋಡುವುದು, ಫ್ಲೋ ಬೆಂಚಿನಲ್ಲಿ ಗಾಳಿ ಬಿಟ್ಟು ನೋಡುವುದು ಎರಡನ್ನೂ ಲೇಪ ಆದ ಮೇಲೆ ಮಾಡಬೇಕು.

ಇನ್ನು ಕೋನ. ಬ್ಲೇಡ್ ಸಪಾಟಲ್ಲ. ಕೋನವನ್ನು ಆ ಜಾಗದ ಮೇಲ್ಮೈಯಿಂದ ಅಳೆಯಬೇಕು, ಬ್ಲೇಡಿನ ಬುಡದಿಂದ ಅಲ್ಲ. ಮೂತಿಯ ಹತ್ತಿರ ಬಾಗಿನ ತ್ರಿಜ್ಯ 10 ಮಿ.ಮೀ. ಇದ್ದರೆ, ಡ್ರಿಲ್ಲಿನ ದಿಕ್ಕು ಸರಿಯಾಗೇ ಇದ್ದು ತೂತು ಅರ್ಧ ಮಿ.ಮೀ. ಪಕ್ಕಕ್ಕೆ ಬಿದ್ದರೂ ಕೋನ ಸುಮಾರು 3 ಡಿಗ್ರಿ ಬದಲಾಗುತ್ತದೆ. ತ್ರಿಜ್ಯ 5 ಇದ್ದರೆ ಹತ್ತಿರ ಹತ್ತಿರ 6 ಡಿಗ್ರಿ. ಇಂಥ ಕಡೆ "ಕೋನ ತಪ್ಪಿದೆ" ಎನ್ನುವ ವರದಿ ಬಂದರೆ ಮೊದಲು ತೂತಿನ ಜಾಗ ಅಳೆಯಿರಿ. ಉಬ್ಬಿದ ಬದಿಯಲ್ಲಿ ಮೆಲ್ಲಗಿನ ಜೆಟ್ಟನ್ನು ಮೇಲಿನ ಗಾಳಿಯೇ ಗೋಡೆಗೆ ಒತ್ತುತ್ತದೆ, ಹಾಗಾಗಿ ಒಂದೆರಡು ಡಿಗ್ರಿ ತಪ್ಪಿದರೂ ಕ್ಷಮೆ ಇದೆ. ತಗ್ಗಿದ ಬದಿಯಲ್ಲಿ ಆ ಕ್ಷಮೆ ಇಲ್ಲ.

ಕೋನ ನಿಜಕ್ಕೂ ತಪ್ಪಿದೆ ಎಂದು ಸಾಬೀತಾದರೆ? ಬ್ಲೇಡನ್ನು ಪಕ್ಕಕ್ಕೆ ಇಟ್ಟು ಡಿಸೈನ್ ಮಾಡಿದವರನ್ನು ಕೇಳಬೇಕು, ನಾವೇ ಕೈ ಹಾಕುವ ಕೆಲಸವಲ್ಲ. ಲ್ಯಾಬಿನ ತಟ್ಟೆಯಾದರೆ ಅದೇ ತೂತನ್ನು ಮತ್ತೆ ಕೊರೆದು ಸರಿ ಮಾಡಲು ಹೋಗಬೇಡಿ, ಬಾಯಿ ಹರಿದುಹೋಗುತ್ತದೆ. 34 ಡಿಗ್ರಿ ಬಂದಿದ್ದರೆ ಅದನ್ನು 34 ಎಂದೇ ಬರೆದು ಪರೀಕ್ಷೆ ಮುಂದುವರಿಸಿ. ತಟ್ಟೆಯ ಹಿಂಬದಿಯಲ್ಲಿ ಮಾರ್ಕರ್‌ನಿಂದ ಏಳೂ ತೂತಿನ ಅಳೆದ ಕೋನ ಮತ್ತು ಪೇಂಟ್ ಆದ ಮೇಲಿನ ವ್ಯಾಸ ಬರೆದಿಡಿ. ಮುಂದಿನ ವರ್ಷ ಅದೇ ತಟ್ಟೆ ತೆಗೆಯುವ ಹುಡುಗರಿಗೆ ಡ್ರಾಯಿಂಗ್ ಸಿಗುವುದಿಲ್ಲ, ತಟ್ಟೆ ಮಾತ್ರ ಸಿಗುತ್ತದೆ.